ವೀರಗಲ್ಲಿಗೆ ಯಾವುದು ಸರಿ: ವಿಆರ್ ಹೆಡ್‌ಸೆಟ್ಟೋ, ಎಆರ್ ಟ್ಯಾಬೋ?

ವಿಆರ್ ಅಂದರೆ ಕಣ್ಣಿಗೆ ಕಟ್ಟಿಕೊಂಡು ಬೇರೆಯದೇ ಲೋಕ ನೋಡೋದು; ಎಆರ್ ಅಂದರೆ ಎದುರಿಗಿರುವ ವಸ್ತುವನ್ನು ಕ್ಯಾಮೆರಾದಲ್ಲಿ ಹಿಡಿದು ಅದರ ಮೇಲೇ ಚಿತ್ರ ಮೂಡಿಸೋದು. ನನ್ನ ಓಟು ಎಆರ್‌ಗೆ, ಅದೂ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೇ ಟ್ಯಾಬ್‌ಗೆ. ಸಾಗರದ ಹತ್ತಿರದ ನಮ್ಮೂರ ಶಾಲೆಯ ಶತಮಾನೋತ್ಸವಕ್ಕೆ ಇತಿಹಾಸ ಪ್ರದರ್ಶನ ಮಾಡಿದಾಗ ಅದರ ಜೊತೆ ಸೆಕೆಂಡ್ ಹ್ಯಾಂಡ್ ವಿಆರ್ ಹೆಡ್‌ಸೆಟ್ಟೂ ಇಟ್ಟಿದ್ದೆವು, ಊರವರ ಚಂದಾ ದುಡ್ಡಲ್ಲಿ ತಂದಿದ್ದು. ರೆಸಲ್ಯೂಶನ್, ಪ್ರೊಸೆಸರ್ ಎಲ್ಲ ಡಬ್ಬದ ಮೇಲೇ ಇರುತ್ತೆ, ಓದಿಕೊಳ್ಳಿ.

ಡಬ್ಬದ ಮೇಲೆ ಇಲ್ಲದ್ದು ಕೊಬ್ಬರಿ ಎಣ್ಣೆಯ ವಿಷಯ. ಹೆಡ್‌ಸೆಟ್‌ನಲ್ಲಿ ಮುಖಕ್ಕೆ ತಾಗುವ ಜಾಗ ಸ್ಪಂಜಿನದ್ದು. ನಾಲ್ಕು ಜನ ಹಾಕಿ ತೆಗೆಯೋದರೊಳಗೆ ತಲೆಯ ಎಣ್ಣೆ, ಬೆವರು, ಹಣೆಯ ಕುಂಕುಮ ಎಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ಐದನೆಯವರು ಮೂಗು ಮುರಿದು ಮುಂದೆ ಹೋದರು. ಹೂವು ಮುಡಿದವರಿಗೆ ಬೆಲ್ಟಿನ ಕಾಟ ಬೇರೆ. ಸಿಲಿಕೋನ್ ಕವರ್ ತರಿಸಿ ಹಾಕಿದೆವು. ಒರೆಸೋದು ಸುಲಭವಾಯ್ತು, ಆದರೆ ಬೆವರು ಹೀರೋಕೆ ಏನೂ ಇಲ್ಲದೆ ಕೆನ್ನೆ ಮೇಲೆ ಇಳಿಯತೊಡಗಿತು.

ಇನ್ನು ಲೆನ್ಸ್. ದೀಪಾವಳಿ ಕಳೆದರೂ ಮಳೆ ಪೂರ್ತಿ ಬಿಟ್ಟಿರಲಿಲ್ಲ, ಬೆಳಗ್ಗೆ ತಂಡಿ. ಮುಖದ ಬಿಸಿ ಹಬೆ ತಣ್ಣಗಿನ ಲೆನ್ಸಿಗೆ ತಾಗಿದ ಕೂಡಲೇ ಮಂಜು. ಸ್ಪಿರಿಟ್ ಹಾಕಿ ಒರೆಸುವ ಹಾಗಿಲ್ಲ, ಪ್ಲಾಸ್ಟಿಕ್ ಲೆನ್ಸಿನ ಲೇಪನ ಹಾಳಾಗುತ್ತೆ. ಮೊದಲೇ ಆನ್ ಮಾಡಿ ಬೆಚ್ಚಗಾಗಲು ಬಿಟ್ಟರೆ ಸ್ವಲ್ಪ ವಾಸಿ, ಆದರೆ ಅಷ್ಟು ಚಾರ್ಜ್ ಸುಮ್ಮನೆ ಖರ್ಚು. ಒಬ್ಬರು ನೋಡುತ್ತಿದ್ದರೆ ಉಳಿದವರು ಅವರ ಬಾಯಿ ನೋಡುತ್ತಾ ಕೂರಬೇಕು.

ಎಆರ್‌ನಲ್ಲೂ ತಕರಾರು ಒಂದಿತ್ತು: ಚಿತ್ರ ಎಲ್ಲಿ ಮೂಡಬೇಕು ಅಂತ ಕ್ಯಾಮೆರಾ ಗುರುತಿಸಲು ಇಡುವ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿದ್ದಕ್ಕೆ ಬಿಸಿಲಿಗೆ ಹೊಳೆದು ಕ್ಯಾಮೆರಾ ಹಿಡಿಯಲಿಲ್ಲ. ಮ್ಯಾಟ್ ಪ್ರಿಂಟ್ ತೆಗೆಸಿದ ಮೇಲೆ ಸರಿಹೋಯಿತು.

ಶಾಲೆ ಅಂಗಳದಲ್ಲೇ ಒಂದು ವೀರಗಲ್ಲು ನಿಂತಿದೆ. ಕಾರ್ಡು ಇಟ್ಟಿದ್ದು ಅದರ ಬುಡದಲ್ಲಿ. ಟ್ಯಾಬ್ ಹಿಡಿದರೆ ಕಲ್ಲಿನ ಮೂರು ಪಟ್ಟಿಗಳೂ ಒಂದೊಂದಾಗಿ ಬಣ್ಣ ತಾಳುತ್ತವೆ: ಕೆಳಗೆ ದನ ಬಿಡಿಸಲು ಹೋದವನ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತವನು. ಎಷ್ಟೋ ವರ್ಷದಿಂದ ಆ ಕಲ್ಲಿಗೆ ಅರಿಶಿನ ಹಚ್ಚುತ್ತಾ ಬಂದ ಅಜ್ಜಿಯೊಬ್ಬರು ಟ್ಯಾಬ್ ಪಕ್ಕಕ್ಕೆ ಸರಿಸಿ, ಕಲ್ಲಿಗೇ ಮುಖ ಹತ್ತಿರ ತಂದು, "ಹಂಗಾರೆ ಈ ದನ ಯಾರದ್ದು?" ಅಂದರು. ನಮಗೆ ಬೇಕಿದ್ದುದೂ ಜನ ಕಲ್ಲನ್ನು ನೋಡೋದೇ. ಹೆಡ್‌ಸೆಟ್ ಅದೇ ಕಲ್ಲಿಗೆ ಬೆನ್ನು ಹಾಕಿ ಕೂರಿಸುತ್ತೆ.

ಕಣ್ಣೆದುರು ಇಲ್ಲದ್ದನ್ನು ತೋರಿಸಲು ಮಾತ್ರ ವಿಆರ್ ಗಟ್ಟಿ. ಮಂಡಿನೋವಿನವರು ಕವಲೇದುರ್ಗದ ಬೆಟ್ಟದ ಕೋಟೆ ಹತ್ತೋದುಂಟೇ? 1763ರಲ್ಲಿ ಹೈದರಾಲಿ ವಶಪಡಿಸಿಕೊಂಡ, ಕೆಳದಿ ನಾಯಕರ ರಾಜಧಾನಿ ಬಿದನೂರು ಅವತ್ತು ಹೇಗಿತ್ತು ಅಂತ ಕಟ್ಟಿ ತೋರಿಸೋದಕ್ಕೂ ಅದೇ ಬೇಕು. ಒರೆಸಲು, ಕ್ಯೂ ನೋಡಿಕೊಳ್ಳಲು ಸಂಬಳದ ಜನ ಇರುವ ಮ್ಯೂಸಿಯಂ ಆದರೆ ಧಾರಾಳವಾಗಿ ತರಲಿ. ಆದರೂ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಮ್ಯೂಸಿಯಂಗೆ ನಾನು ಕೇಳೋದು ಎಆರನ್ನೇ. 2018ರಲ್ಲಿ ನಗರ ಅನ್ನೋ ಊರಿನ (ಅದೇ ಹಳೇ ಬಿದನೂರು) ಹಾಳುಬಾವಿಯಲ್ಲಿ ಟಿಪ್ಪು ಕಾಲದ್ದೆನ್ನುವ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕು ಅಲ್ಲಿಗೆ ಸೇರಿದವಲ್ಲ, ನೋಡಲು ಬರೀ ತುಕ್ಕು ಹಿಡಿದ ಕಬ್ಬಿಣದ ಕೊಳವೆ. ಅದಕ್ಕೆ ಬಿದಿರು ಕಟ್ಟಿ ಹಾರಿಸುತ್ತಿದ್ದುದು ಹೇಗೆ ಅಂತ ಆ ಕೊಳವೆಯ ಮೇಲೇ ತೋರಿಸಿದರೆ ಮಕ್ಕಳು ಕದಲೋದಿಲ್ಲ.

ನಮ್ಮ ಎಆರ್ ಖರ್ಚು ಇಷ್ಟೇ: ಮ್ಯಾಟ್ ಪ್ರಿಂಟು, ಮತ್ತೆ ಟ್ಯಾಬ್ ಯಾರೂ ಎತ್ತಿಕೊಂಡು ಹೋಗದ ಹಾಗೆ ಒಂದು ಸೈಕಲ್ ಬೀಗ.