ಟ್ವಿಸ್ಟ್ ಆ್ಯಂಡ್ ಶೌಟ್: ಒಂದೇ ಹಾಡಿನ ಮೂರು ಧ್ವನಿಮುದ್ರಣಗಳಲ್ಲಿ ಯಾವುದು ಕೇಳಬೇಕು?

ಇದು ಇಂಗ್ಲೆಂಡಿನ ಬೀಟಲ್ಸ್ ತಂಡದವರದೇ ಹಾಡು ಅಂತ ನಂಬಿಕೊಂಡವರು ಬೇಕಾದಷ್ಟು ಜನ. ಬರೆದವರು ಬರ್ಟ್ ಬರ್ನ್ಸ್ ಮತ್ತು ಫಿಲ್ ಮೆಡ್ಲಿ. 1961ರಲ್ಲಿ ಮೊದಲು ಹಾಡಿದ್ದು ಟಾಪ್ ನೋಟ್ಸ್ ಎಂಬ ತಂಡ, ಧ್ವನಿಮುದ್ರಣ ಮಾಡಿಸಿದ್ದು ಫಿಲ್ ಸ್ಪೆಕ್ಟರ್. ಮೂಲ ಎಂಬ ಹಿರಿಮೆ ಬಿಟ್ಟರೆ ಅದರಲ್ಲಿ ಹೇಳಿಕೊಳ್ಳುವಂಥದ್ದಿಲ್ಲ, ಬರ್ನ್ಸ್‌ಗೇ ಹಿಡಿಸಲಿಲ್ಲ. ಕುತೂಹಲಕ್ಕೆ ಒಮ್ಮೆ ಕೇಳಿ, ಸಾಕು.

ಮರುವರ್ಷ ಬರ್ನ್ಸ್ ತಾನೇ ಮುಂದೆ ನಿಂತು ಐಸ್ಲಿ ಬ್ರದರ್ಸ್ ಎಂಬ ತಂಡದ ಕೈಲಿ ಹಾಡಿಸಿದ. ಲಯಕ್ಕೆ ಲ್ಯಾಟಿನ್ ಅಮೆರಿಕದ ಸಂಗೀತದ ತೂಗು ಬಂತು, ನಡುವೆ ಹಿತ್ತಾಳೆ ವಾದ್ಯಗಳ ಗತ್ತು. ಒಂದರ ಮೇಲೊಂದು ದನಿ ಸೇರುತ್ತಾ ‘ಆ... ಆ...’ ಎಂದು ಏರುವ ಜಾಗವಿದೆಯಲ್ಲ, ಬೀಟಲ್ಸ್ ಎತ್ತಿಕೊಂಡದ್ದು ಇಲ್ಲಿಂದಲೇ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇದು 17ನೇ ಸ್ಥಾನ ಮುಟ್ಟಿತು. ಕುಣಿಯುವವರಿಗೆ ನನ್ನ ಓಟು ಇದಕ್ಕೇ.

ಬೀಟಲ್ಸ್ ಹಾಡಿದ್ದು 1963ರ ಫೆಬ್ರವರಿ 11ರಂದು, ಲಂಡನ್ನಿನ ಆ್ಯಬಿ ರೋಡಿನ ಸ್ಟುಡಿಯೋದಲ್ಲಿ. ಬೆಳಿಗ್ಗೆಯಿಂದ ಹಾಡಿ ಹಾಡಿ ಸುಸ್ತು. ಈ ಹಾಡು ಹಾಡಬೇಕಿದ್ದ ಜಾನ್ ಲೆನನ್‌ಗೆ ಶೀತ ಬೇರೆ. ಗಂಟಲು ಹರಿಯುವ ಹಾಡೆಂದು ಬೇಕೆಂದೇ ಕೊನೆಗಿಟ್ಟಿದ್ದರು. ಆಲ್ಬಮ್ಮಿನಲ್ಲಿರುವುದು ಮೊದಲ ಟೇಕ್. ಎರಡನೆಯದಕ್ಕೆ ಅವನ ದನಿಯೇ ಉಳಿದಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಆ ಗೊಗ್ಗರು, ಆ ಹಟ ಎರಡೂ ಕಿವಿಗೆ ಬೀಳುತ್ತವೆ. ಐಸ್ಲಿಗಳ ಸೊಗಸು ಇಲ್ಲಿಲ್ಲ, ಬೇಕಾಗಿಯೂ ಇಲ್ಲ.

ಕಾಲೇಜು ಬ್ಯಾಂಡಿಗೆ ಕಲಿಯುವುದಾದರೆ ಬೀಟಲ್ಸ್ ದಾರಿಯೇ ಸುಲಭ: ಟ್ರಂಪೆಟ್ ಬೇಡ, ಎರಡು ಗಿಟಾರ್, ಬೇಸ್, ಡ್ರಮ್ಸ್ ಇದ್ದರಾಯಿತು. ಹಾಡುವವನ ಗಂಟಲಿಗಾಗಿ ಈ ಹಾಡು ಮಾತ್ರ ಕೊನೆಗಿರಲಿ.