ಮಿಲ್ಲಿನ ಲೆಕ್ಕಕ್ಕೆ ನೆಕ್ಸ್ಟ್ ಜೆಎಸ್ಸಾ, ಜಾಂಗೋನಾ?

ನೆಕ್ಸ್ಟ್ ಜೆಎಸ್, ಜಾಂಗೋ ಎರಡೂ ವೆಬ್ ಆ್ಯಪ್ ಕಟ್ಟುವ ಚೌಕಟ್ಟುಗಳು; ಮೊದಲನೆಯದು ರಿಯಾಕ್ಟ್ ಮೇಲೆ ನಿಂತದ್ದು, ಎರಡನೆಯದು ಪೈಥಾನಿನದು. ಮೊದಲೇ ಹೇಳಿಬಿಡುತ್ತೇನೆ, ನಾನು ಜಾಂಗೋ ಪಕ್ಷ. ಜೊತೆಗೆ ಎಚ್‌ಟಿಎಂಎಕ್ಸ್ ಅನ್ನೋ ಸಣ್ಣ ಜಾವಾಸ್ಕ್ರಿಪ್ಟ್ ಲೈಬ್ರರಿ. ಗಂಗಾವತಿಯ ಒಂದು ಅಕ್ಕಿ ಮಿಲ್ಲಿಗೆ ಭತ್ತ ಖರೀದಿಯ ಲೆಕ್ಕ ಇಡುವ ವೆಬ್ ಆ್ಯಪ್ ಬೇಕಿತ್ತು. ಮೊದಲು ನೆಕ್ಸ್ಟ್ ಜೆಎಸ್ 14ರಲ್ಲಿ ಕಟ್ಟಿ ಒಂದು ಸುಗ್ಗಿ ಓಡಿಸಿದೆ. ಆಮೇಲೆ ಅದನ್ನೇ ಜಾಂಗೋದಲ್ಲಿ ಹೊಸದಾಗಿ ಬರೆದೆ. ಕೆಲಸ ಅದೇ, ಗಿರಾಕಿ ಅವರೇ. ರಿಯಾಕ್ಟ್ ಅಂದರೆ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ, ಪೈಥಾನ್ ಅಂದರೆ ಪ್ರೋಗ್ರಾಮಿಂಗ್ ಭಾಷೆ; ಅದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ.

ಆ್ಯಪಿನ ಕೆಲಸ ಇಷ್ಟೇ. ಟ್ರ್ಯಾಕ್ಟರ್ ಬರುತ್ತದೆ, ತೂಕ ಆಗುತ್ತದೆ. ಗುಮಾಸ್ತ ತೂಕದ ಚೀಟಿ ನೋಡಿ ರೈತರ ಹೆಸರು, ತಳಿ, ತೇವಾಂಶ, ತೂಕ ಹಾಕುತ್ತಾನೆ. 75 ಕೆಜಿ ಚೀಲದ ಲೆಕ್ಕದಲ್ಲಿ ದುಡ್ಡೆಷ್ಟು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಅನ್ನೋದು ಬರಬೇಕು. ಸಾವ್ಕಾರ್ರು ಅದನ್ನು ಫೋನಿನಲ್ಲಿ ನೋಡಬೇಕು. ಇದರ ಜೊತೆ ಲಾಗಿನ್ ಇಲ್ಲದೆ ಯಾರು ಬೇಕಾದರೂ ನೋಡಬಹುದಾದ ‘ಇವತ್ತಿನ ದರ’ ಅನ್ನೋ ಪುಟ.

ತಲೆನೋವು ಶುರುವಾಗಿದ್ದು ಈ ದರದ ಪುಟದಿಂದಲೇ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಸರಿ ಇತ್ತು. ಸರ್ವರಿಗೆ ಹಾಕಿದ ಮಾರನೇ ದಿನ ಸಾವ್ಕಾರ್ರ ಫೋನು: “ಏನಪ, ನಿನ್ನಿ ರೇಟೇ ಐತಲ್ಲ ಇದ್ರಾಗ?” ಡೇಟಾಬೇಸಿನಲ್ಲಿ ಹೊಸ ದರ ಇದೆ, ಪುಟದಲ್ಲಿ ಹಳೆಯದು. ಅಷ್ಟರಲ್ಲಿ ರೈತರೊಬ್ಬರು ಫೋನ್ ಹಿಡಿದುಕೊಂಡು ಬಂದು, ಇಲ್ಲಿರುವ ರೇಟೇ ಕೊಡಿ ಅಂತ ಗೇಟಿನಲ್ಲಿ ನಿಂತಿದ್ದರು. ದರ ಇಳಿದ ದಿನ ಅದು. ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ಕಾರಣ ಹೀಗಿದೆ. ನೆಕ್ಸ್ಟ್‌ನಲ್ಲಿ ಪುಟಗಳನ್ನು ಜೋಡಿಸುವ ಆ್ಯಪ್ ರೌಟರ್ ಪದ್ಧತಿಯಲ್ಲಿ, ಒಂದು ಪುಟ ಬ್ರೌಸರ್ ಕಳಿಸುವ ಕುಕಿ, ಹೆಡರ್ ಇಂಥದ್ದೇನೂ ಕೇಳದಿದ್ದರೆ ನೆಕ್ಸ್ಟ್ ಅದನ್ನು ಯಾವತ್ತೂ ಬದಲಾಗದ ಪುಟ ಅಂದುಕೊಳ್ಳುತ್ತದೆ. ಬಿಲ್ಡ್ ಮಾಡುವಾಗಲೇ, ಅಂದರೆ ಓಡಿಸುವ ಮುಂಚೆ ಕೋಡನ್ನು ಸಿದ್ಧಮಾಡುವಾಗಲೇ, ಒಮ್ಮೆ ತಯಾರಿಸಿ ಇಟ್ಟುಬಿಡುತ್ತದೆ. ಬೆಳಿಗ್ಗೆ ಮಾಡಿದ ಅಡುಗೆಯನ್ನೇ ಮೂರು ದಿನ ಬಡಿಸಿದ ಹಾಗೆ. ಕೋಡ್ ಬರೆಯುವಾಗ ಓಡಿಸುವ ಡೆವಲಪ್‌ಮೆಂಟ್ ಮೋಡಿನಲ್ಲಿ ಮಾತ್ರ ಪ್ರತಿ ಸಲ ಹೊಸದಾಗಿ ಮಾಡುತ್ತದೆ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಇದು ಕಾಣುವುದೇ ಇಲ್ಲ. ಸುಳಿವು ಸಿಗುವುದು ಬಿಲ್ಡ್ ಮುಗಿದ ಮೇಲೆ, ಪುಟದ ಹೆಸರಿನ ಎಡಕ್ಕೆ ಬರುವ ಒಂದು ಸಣ್ಣ ಸೊನ್ನೆಯಲ್ಲಿ. ಸೊನ್ನೆ ಇದ್ದರೆ ಪುಟ ಸ್ಥಿರ ಅಂತ ಅರ್ಥ. ‘ಫೋರ್ಸ್ ಡೈನಾಮಿಕ್’ ಅಂತ ಒಂದು ಸಾಲು ಸೇರಿಸಿದೆ, ದರ ಸರಿಹೋಯಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಗುಮಾಸ್ತ ಲೋಡ್ ಎಂಟ್ರಿ ಹಾಕಿದ್ದಾನೆ, ಸಾವ್ಕಾರ್ರು ಬಾಕಿಯ ಪುಟದಿಂದ ಖರೀದಿಯ ಪುಟಕ್ಕೆ ಬರುತ್ತಾರೆ, ಎಂಟ್ರಿ ಇಲ್ಲ. ಗುಮಾಸ್ತನಿಗೆ ಬೈಗುಳ. ಅವನು ಬಂದು ತೋರಿಸುವಷ್ಟರಲ್ಲಿ ಎಂಟ್ರಿ ಬಂದಿರುತ್ತದೆ! ಇದು ಬ್ರೌಸರಿನ ಒಳಗೇ ಇರುವ ಇನ್ನೊಂದು ಕ್ಯಾಶ್, ಅಂದರೆ ಮತ್ತೆ ತೋರಿಸಲು ಎತ್ತಿಟ್ಟುಕೊಂಡ ಪ್ರತಿ. 14ರಲ್ಲಿ ಒಮ್ಮೆ ನೋಡಿದ ಪುಟವನ್ನು ಅದು 30 ಸೆಕೆಂಡ್ ಹಾಗೇ ಇಟ್ಟುಕೊಳ್ಳುತ್ತದೆ. ಗುಮಾಸ್ತ ಸೇವ್ ಮಾಡಿದಾಗ ಈ ಪುಟ ಹಳೆಯದಾಯಿತು ಅಂತ ಹೇಳುವ ‘ರಿವ್ಯಾಲಿಡೇಟ್ ಪಾತ್’ ಕರೆದರೆ ಅವನ ಬ್ರೌಸರಿನಲ್ಲಿ ಹಳೆಯದು ಹೋಗುತ್ತದೆ, ಸಾವ್ಕಾರ್ರ ಫೋನಿನಲ್ಲಿ ಹೋಗುವುದಿಲ್ಲ. ಕೈಪಿಡಿ ತೆಗೆದು ನೋಡಿದರೆ ಒಟ್ಟು ನಾಲ್ಕು ಥರದ ಕ್ಯಾಶ್. ಒಂದೊಂದಕ್ಕೂ ಬೇರೆ ಬೇರೆ ಔಷಧಿ.

2024ರ ಅಕ್ಟೋಬರಿನಲ್ಲಿ ಬಂದ ನೆಕ್ಸ್ಟ್ 15ರಲ್ಲಿ ಇದರಲ್ಲಿ ಸುಮಾರಷ್ಟು ಬದಲಾಯಿಸಿದ್ದಾರೆ. ಬೇರೆ ಕಡೆಯಿಂದ ಮಾಹಿತಿ ತರುವ ಫೆಚ್ ಈಗ ತಾನಾಗಿ ಕ್ಯಾಶ್ ಆಗುವುದಿಲ್ಲ, ಬ್ರೌಸರ್ ಕೂಡ ಪುಟವನ್ನು ಆ 30 ಸೆಕೆಂಡ್ ಹಿಡಿದಿಟ್ಟುಕೊಳ್ಳುವುದಿಲ್ಲ. ಸಂತೋಷ. ಆದರೆ ಡೇಟಾಬೇಸಿನಿಂದ ನೇರವಾಗಿ ಓದುವ ದರದ ಪುಟದಂಥದ್ದು 15ರಲ್ಲೂ ಬಿಲ್ಡ್ ಹೊತ್ತಿಗೇ ತಯಾರಾಗುತ್ತದೆ. ಓದುವವರು ಲಕ್ಷ, ಬದಲಾವಣೆ ಕಡಿಮೆ ಅನ್ನೋ ಕಡೆ ಇದು ಒಳ್ಳೆಯದೇ. ನಮ್ಮ ಮಿಲ್ಲಿನಲ್ಲಿ ನೋಡುವವರು ಬೆರಳೆಣಿಕೆ, ಬದಲಾವಣೆ ನಿಮಿಷಕ್ಕೊಂದು.

ಜಾಂಗೋದಲ್ಲಿ ಈ ಗೋಳೇ ಇಲ್ಲ. ಕೇಳಿದಾಗಲೆಲ್ಲ ಪುಟ ಹೊಸದಾಗಿ ಆಗುತ್ತದೆ. ಕ್ಯಾಶ್ ಬೇಕಿದ್ದರೆ ನಾನೇ ಹೇಳಬೇಕು. ಅಮೆರಿಕದ ಕಾನ್ಸಸ್‌ನ ಒಂದು ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಹೊರಬಂದದ್ದು ಇದು. ಸುದ್ದಿಮನೆಯವರು ತಾವೇ ಮಾಹಿತಿ ತುಂಬಲಿ ಅಂತ ಮಾಡಿದ ಅಡ್ಮಿನ್ ಪರದೆ ಈಗಲೂ ಪುಕ್ಕಟೆ ಬರುತ್ತದೆ. ರೈತರ ಹೆಸರು, ಊರು, ತಳಿಗಳ ಪಟ್ಟಿ ತಿದ್ದಲು ನಾನು ಬೇರೆ ಪುಟ ಬರೆಯಲೇ ಇಲ್ಲ.

ಪುಟ ಪೂರ್ತಿ ಮತ್ತೆ ಲೋಡ್ ಆಗದೆ ಒಂದು ಸಾಲು ಮಾತ್ರ ಬದಲಾಗಲಿ ಅಂದರೆ ಎಚ್‌ಟಿಎಂಎಕ್ಸ್ ಸಾಕು. ಸರ್ವರ್ ಆ ಸಾಲಿನ ಎಚ್‌ಟಿಎಂಎಲ್ ಕಳಿಸುತ್ತದೆ, ಅದು ಹೋಗಿ ಜಾಗದಲ್ಲಿ ಕೂರುತ್ತದೆ. ಒಂದೇ ಫೈಲು, ಬಿಲ್ಡ್ ಅನ್ನೋ ಮಾತೇ ಇಲ್ಲ. ನನ್ನ 1 ಜಿಬಿ ರ‍್ಯಾಮಿನ ಸರ್ವರಿನಲ್ಲಿ ನೆಕ್ಸ್ಟ್ ಬಿಲ್ಡ್ ಅರ್ಧಕ್ಕೇ ಸಾಯುತ್ತಿತ್ತು. ದೊಡ್ಡ ಸರ್ವರ್ ತಗೋ ಅಂತ ಹೇಳಬಹುದು. ತಿಂಗಳಿಗೆ 500 ರೂಪಾಯಿ ಮೇಲೆ ಕೊಡಲು ಸಾವ್ಕಾರ್ರು ಒಪ್ಪಬೇಕಲ್ಲ!

ಕನ್ನಡದ ಬಿಲ್ಲು: ನೆಕ್ಸ್ಟ್ ಜೊತೆ ಬ್ರೌಸರಿನಲ್ಲಿ ಪಿಡಿಎಫ್ ಮಾಡಲು ಜೆಎಸ್‌ಪಿಡಿಎಫ್ ಬಳಸಿದ್ದೆ. ಒತ್ತಕ್ಷರ ಒಡೆಯಿತು. ಅಕ್ಕಿ ಮಿಲ್ಲಿನ ಬಿಲ್ಲಿನಲ್ಲಿ ‘ಅಕ್ಕಿ’ಯೇ ಸರಿ ಬರಲಿಲ್ಲ. ಪಿಡಿಎಫ್ ಮಾಡುವ ಪೈಥಾನಿನ ವೀಸಿಪ್ರಿಂಟ್ ಒಳಗೆ ಅಕ್ಷರ ಜೋಡಿಸುವ ಪ್ಯಾಂಗೋ ಇರುವುದರಿಂದ ಅಕ್ಷರ ಸರಿಯಾಗಿ ಕೂರುತ್ತದೆ. ಬರೀ ಪ್ರಿಂಟ್ ಸಾಕು ಅನ್ನುವವರಿಗೆ ಎರಡರಲ್ಲೂ ತೊಂದರೆ ಇಲ್ಲ, ಬ್ರೌಸರೇ ನೋಡಿಕೊಳ್ಳುತ್ತದೆ.

ಪಿಎಚ್‌ಪಿ ಭಾಷೆಯ ಚೌಕಟ್ಟು ಲಾರಾವೆಲ್ ಕೂಡ ಇದೇ ಕೆಲಸ ಚೆನ್ನಾಗಿ ಮಾಡುತ್ತದೆ. ನನಗೆ ಪಿಎಚ್‌ಪಿ ಒಗ್ಗುವುದಿಲ್ಲ, ಅಷ್ಟೇ.

ಎಚ್‌ಟಿಎಂಎಕ್ಸ್ ಸೋಲುವುದು ನೆಟ್ ಹೋದಾಗ. ಕರೆಂಟ್ ಹೋಗಿ ವೈಫೈ ಬಂದ್ ಆದರೆ ಸೇವ್ ಒತ್ತಿದರೂ ಸುಮ್ನೆ ಕೂರುತ್ತದೆ. ಯಾವ ಎಚ್ಚರಿಕೆಯೂ ತಾನಾಗಿ ಬರುವುದಿಲ್ಲ. ಗುಮಾಸ್ತ ಮತ್ತೆ ಮತ್ತೆ ಒತ್ತುತ್ತಾನೆ. ‘ನೆಟ್ ಇಲ್ಲ’ ಅನ್ನೋ ಕೆಂಪು ಪಟ್ಟಿಯನ್ನು ನಾನೇ ಬರೆದು ಸೇರಿಸಿದೆ. ಒಂದು ಚೀಟಿ ನಂಬರಿಗೆ ಒಂದೇ ಎಂಟ್ರಿ ಅಂತ ಡೇಟಾಬೇಸಿನಲ್ಲೂ ಕಟ್ಟುಹಾಕಿದೆ. ನೆಟ್ ಇಲ್ಲದೆಯೂ ಎಂಟ್ರಿ ಹಾಕಿ ಆಮೇಲೆ ಕಳಿಸುವ ಆ್ಯಪ್ ಬೇಕಿದ್ದರೆ ರಿಯಾಕ್ಟ್ ಕಡೆಗೇ ಹೋಗಿ. ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹುಡುಗರೂ ಅದನ್ನೇ ಕಲಿಯಲಿ, ಇಂಟರ್‌ವ್ಯೂನಲ್ಲಿ ಕೇಳುವುದು ಅದನ್ನೇ.

ನಾನು ಒಬ್ಬನೇ ಕೆಲಸ ಮಾಡುವವನು. ಸುಗ್ಗಿಯಲ್ಲಿ ಆ್ಯಪ್ ಮುಟ್ಟುವುದಿಲ್ಲ, ಉಳಿದ ಕಾಲದಲ್ಲಿ ಅದರ ನೆನಪೂ ಇರುವುದಿಲ್ಲ. ಜಾಂಗೋ 5.2 ದೀರ್ಘ ಬೆಂಬಲದ ಆವೃತ್ತಿ, 2028ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತವೆ. ಈಗ ಅದೇ ಸಾವ್ಕಾರ್ರಿಗೆ ಗೇಟಿನ ಹತ್ತಿರ ಟಿವಿಯಲ್ಲಿ ಲಾರಿಗಳ ಸರದಿ ಕಾಣಬೇಕಂತೆ. ಐದು ಸೆಕೆಂಡಿಗೊಮ್ಮೆ ಪಟ್ಟಿ ತಾನೇ ತರಿಸಿಕೊಳ್ಳುವಂತೆ ಎಚ್‌ಟಿಎಂಎಕ್ಸ್‌ನಲ್ಲಿ ಒಂದು ಸಾಲು ಸೇರಿಸಿ ಕೊಟ್ಟೆ. ಟಿವಿ ಅವರೇ ತರಬೇಕು.