ಸೆಲ್ಫ್ ಫ್ಯೂಸಿಂಗ್ ಸಿಲಿಕೋನ್ ಟೇಪ್: ಪ್ಲಂಬರ್ ಬರುವವರೆಗೆ

ಸೋರುವ ಪೈಪಿಗೆ ತಾತ್ಕಾಲಿಕವಾಗಿ ಸುತ್ತುವ ಈ ಟೇಪಿಗೆ ಗೋಂದಿಲ್ಲ. ಪೈಪಿಗೆ ಅಂಟುವುದೂ ಇಲ್ಲ. ತನಗೆ ತಾನೇ ಬೆಸೆದುಕೊಳ್ಳುತ್ತದೆ. ಲೀಕ್ ನಿಲ್ಲಿಸುವುದು ಎಳೆದು ಸುತ್ತಿದ ರಬ್ಬರಿನ ಬಿಗಿತ. ಇನ್ಸುಲೇಷನ್ ಟೇಪಿನ ಹಾಗೆ ಸುಮ್ಮನೆ ಸುತ್ತಿ "ದುಡ್ಡು ದಂಡ" ಎನ್ನುವವರು ಮರೆಯುವುದು ಈ ಎಳೆತವನ್ನೇ.

ನೇರ ಪೈಪಿನಲ್ಲಿ ಸೂಜಿತೂತು ಬಿದ್ದಿದ್ದರೆ ಮೊದಲು ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆರೆದು ಒತ್ತಡ ಇಳಿಸಿ. ನೀರು ಚಿಮ್ಮುತ್ತಿರುವಾಗ ಸುತ್ತಿದರೆ ಪದರಗಳ ನಡುವೆ ನೀರು ನುಗ್ಗಿ ಬೆಸುಗೆ ಕೂಡುವುದಿಲ್ಲ. ಮೇಲ್ಮೈ ತುಸು ಒದ್ದೆಯಿದ್ದರೆ ಅಡ್ಡಿಯಿಲ್ಲ, ಮಣ್ಣು, ಜಿಡ್ಡು ಮಾತ್ರ ಇರಬಾರದು. ತುಕ್ಕಿನ ಚೂಪು ಅಂಚನ್ನು ಉಜ್ಜಿ ನುಣುಪು ಮಾಡಿ. ಎಳೆದ ಸಿಲಿಕೋನಿಗೆ ಸಣ್ಣ ಗೀರು ಬಿದ್ದರೂ ಸರ್ರನೆ ಹರಿಯುತ್ತದೆ.

ತೂತಿನಿಂದ 5 ಸೆಂ.ಮೀ. ಆಚೆ ಶುರುಮಾಡಿ. ಮೊದಲ ಸುತ್ತು ಎಳೆಯದೆ, ಅದರ ಮೇಲೇ ಇನ್ನೊಂದು. ಆಮೇಲೆ ಟೇಪನ್ನು ಎರಡೂವರೆ ಪಟ್ಟು ಎಳೆಯುತ್ತಾ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಬರುವಂತೆ ತೂತು ದಾಟಿ 5 ಸೆಂ.ಮೀ. ಹೋಗಿ, ವಾಪಸ್ ಬನ್ನಿ. ಕೊನೆಯ ಸುತ್ತನ್ನು ಮತ್ತೆ ಎಳೆಯದೆ ಕೂರಿಸಿ ಒತ್ತಿ ಹಿಡಿಯಿರಿ. ಅರ್ಧ ಇಂಚಿನ ಪೈಪಿಗೆ ಸುಮಾರು 70 ಸೆಂ.ಮೀ. ಟೇಪ್ ಬೇಕು, 3 ಮೀಟರ್ ರೋಲಿನಲ್ಲಿ ನಾಲ್ಕು ರಿಪೇರಿ. ಸ್ವಲ್ಪ ಹೊತ್ತು ಬಿಟ್ಟು ವಾಲ್ವನ್ನು ನಿಧಾನ ತೆರೆಯಿರಿ. ಪೂರ್ತಿ ಬೆಸುಗೆಗೆ ಒಂದು ದಿನ ಹಿಡಿಯುತ್ತದೆ.

ಎಲ್ಬೋ (ಬಾಗು), ಟೀ (ಮೂರು ಪೈಪು ಸೇರುವ) ಜಾಯಿಂಟುಗಳಲ್ಲಿ ಇದು ಸೋಲುತ್ತದೆ. ಬಾಗಿನ ಒಳಮಗ್ಗುಲಲ್ಲಿ ಟೇಪ್ ಸುಕ್ಕಾಗುತ್ತದೆ, ಆ ಸುಕ್ಕೇ ನೀರಿಗೆ ದಾರಿ. ಅಲ್ಲಿ ನಾದಿ ಮೆತ್ತಿದರೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯೇ ಮೇಲು. ಥ್ರೆಡ್‌ನಲ್ಲಿ ಜಿನುಗಿದರೆ ಬಿಚ್ಚಿ ತಿರುಪಿನ ಗೆರೆಗಳಿಗೆ ಟೆಫ್ಲಾನ್ ಟೇಪ್ ಸುತ್ತುವುದೇ ಸರಿ.

ಗಾರ್ಡನ್ ಹೋಸಿಗೆ, ಬುಡದಲ್ಲಿ ಸಿಪ್ಪೆ ಎದ್ದ ಚಾರ್ಜರ್ ವೈರಿಗೆ ಅಚ್ಚುಕಟ್ಟು. ಕಾರಿನ ರೇಡಿಯೇಟರ್ ಹೋಸಿಗೂ ಆದೀತು: ಎಂಜಿನ್ ತಣ್ಣಗಾದ ಮೇಲೆ ಸುತ್ತಿ, ಗ್ಯಾರೇಜು ತಲುಪುವಷ್ಟು ಮಾತ್ರ ನಂಬಿ. ಬಿಸಿಗೆ ಹೆದರುವ ವಸ್ತುವಲ್ಲ, 200 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಆದರೆ ಪೆಟ್ರೋಲ್, ಡೀಸೆಲ್ ತಾಗಿದರೆ ಸಿಲಿಕೋನ್ ಉಬ್ಬಿ ಮೆತ್ತಗಾಗುತ್ತದೆ. ಇಂಧನದ ಪೈಪಿಗೆ ಬೇಡ. ಗ್ಯಾಸ್ ಪೈಪಿನ ಹತ್ತಿರವಂತೂ ತರಲೇಬೇಡಿ.

ಕೊಳ್ಳುವಾಗ 25 ಮಿ.ಮೀ. ಅಗಲ, 0.5 ಮಿ.ಮೀ. ದಪ್ಪದ್ದು ನೋಡಿ. ನಡುವೆ ಗೆರೆಯಿದ್ದರೆ ಅರ್ಧ ಅಳತೆ ತಪ್ಪುವುದಿಲ್ಲ. ಹತ್ತು ಸೆಂ.ಮೀ. ತುಂಡು ಇಪ್ಪತ್ತೈದಕ್ಕೆ ಎಳೆಯುವ ಮೊದಲೇ ಹರಿದರೆ ರೋಲು ವಾಪಸ್ ಕೊಡಿ. ಬಿಚ್ಚಲು ಬ್ಲೇಡೇ ಬೇಕು, ಪೈಪಿಗೆ ಮಾತ್ರ ಒಂದಿಷ್ಟೂ ಅಂಟು ಉಳಿಯುವುದಿಲ್ಲ.